ಅಗಲಿಕೆ ಮತ್ತು ಧರ್ಮಕೇಂದ್ರ: ದಕ್ಷಿಣ ಬೆಂಗಳೂರಿನಲ್ಲಿ 2020ರ ಕ್ರಿಸ್ತಜಯಂತಿ

1. ಪ್ರಸ್ತಾವನೆ

ವ್ರತ, ಜಪ, ಧ್ಯಾನಗಳನ್ನು ಮನುಷ್ಯನು ಒಬ್ಬನೇ ಇದ್ದು ಆಚರಿಸಬಲ್ಲನು. ಹಬ್ಬವನ್ನು ಆಚರಿಸಲು ಮಾತ್ರ ಅವನಿಗೆ ನಾಲ್ವರು ಬೇಕು. ನಮ್ಮ ನಾಡಿನ ಜಾತ್ರೆ, ರಥೋತ್ಸವ, ಉರುಸು, ಕ್ರಿಸ್ತಜಯಂತಿ ಇವೆಲ್ಲವೂ ಜನರ ಕೂಟವನ್ನೇ ಆಧಾರವಾಗಿ ಉಳ್ಳವು. ಹೀಗಿರಲಾಗಿ, ಕೂಟವೇ ಅಪಾಯಕರವೆಂದು ಸಾರಿದ ಕಾಲದಲ್ಲಿ ಒಂದು ಧಾರ್ಮಿಕ ಸಮುದಾಯವು ತನ್ನ ಹಬ್ಬವನ್ನು ಹೇಗೆ ನಡೆಸಿತು, ಯಾವುದನ್ನು ಬಿಟ್ಟುಕೊಟ್ಟಿತು, ಯಾವುದನ್ನು ಬಿಡಲಾರೆನೆಂದಿತು ಎಂಬುದನ್ನು ಪರಿಶೀಲಿಸಿದರೆ, ಆ ಸಮುದಾಯದ ನಿಜಸ್ವರೂಪವು ಸಾಮಾನ್ಯ ಕಾಲದಲ್ಲಿ ತೋರುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ತೋರಬಹುದು.

ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವ ನಿದರ್ಶನ 2020ರ ಆಗಮನ ಕಾಲ ಮತ್ತು ಕ್ರಿಸ್ತಜಯಂತಿ. ಸ್ಥಳ ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳು. ಅಲ್ಲಿಯ ಕಥೋಲಿಕ ಕ್ರೈಸ್ತರು ಆ ವರ್ಷ ಎದುರಿಸಿದ ಪ್ರಶ್ನೆ ಒಂದೇ: ಒಂದು ಚರ್ಚಿಗೆ ಸೇರಿದವರು ಒಂದೆಡೆ ಸೇರಲಾರದೆ ಹೋದಾಗ, ಅವರು ಇನ್ನೂ ಒಂದು ಸಮುದಾಯವಾಗಿ ಉಳಿದಿರುವರೋ ಇಲ್ಲವೋ? ಈ ಪ್ರಶ್ನೆಗೆ ಉತ್ತರವನ್ನು ಆ ಧರ್ಮದ ವಿಧಿಗಳಲ್ಲಿ, ಆ ವರ್ಷದ ಆಚರಣೆಯಲ್ಲಿ ಮತ್ತು ನಮ್ಮ ನಾಡಿನ ಇತಿಹಾಸದಲ್ಲಿ ಹುಡುಕುವುದು ನಮ್ಮ ಉದ್ದೇಶ. ಕ್ರೈಸ್ತರಲ್ಲದ ವಾಚಕರ ಅನುಕೂಲಕ್ಕಾಗಿ ಮೊದಲು ಕೆಲವು ಪಾರಿಭಾಷಿಕ ಶಬ್ದಗಳನ್ನು ವಿವರಿಸುವುದು ಅವಶ್ಯ.

2. ಆಗಮನ ಕಾಲ

ಡಿಸೆಂಬರ್ 25ರ ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಕಥೋಲಿಕರು ಆಗಮನ ಕಾಲವೆಂದು ಹೆಸರಿಡುತ್ತಾರೆ. ನವೆಂಬರ್ 30 ಸಂತ ಅಂದ್ರೆಯನ ಹಬ್ಬ. ಅದಕ್ಕೆ ಅತಿ ಸಮೀಪದ ಭಾನುವಾರದಂದು ಈ ಕಾಲವು ಆರಂಭವಾಗುತ್ತದೆ. 2020ರಲ್ಲಿ ಅದು ನವೆಂಬರ್ 29ರಂದು ಆರಂಭವಾಯಿತು. ಧರ್ಮಸಭೆಯ ಪಂಚಾಂಗಕ್ಕೆ ಇದೇ ವರ್ಷಾರಂಭ.

ಆಗಮನವೆಂದರೆ ಬರುವಿಕೆ. ಈ ಕಾಲದ ಮೊದಲ ಭಾಗದಲ್ಲಿ ಲೋಕಾಂತ್ಯದಲ್ಲಿ ಕ್ರಿಸ್ತನು ಮರಳಿ ಬರುವನೆಂಬ ನಿರೀಕ್ಷೆಯೂ, ಡಿಸೆಂಬರ್ 17ರಿಂದ 24ರವರೆಗಿನ ಎರಡನೆಯ ಭಾಗದಲ್ಲಿ ಬೆತ್ಲೆಹೇಮಿನ ಜನನದ ಸ್ಮರಣೆಗೆ ಸಿದ್ಧತೆಯೂ ಪ್ರಧಾನವಾಗಿರುತ್ತವೆ. ಯಾಜಕರು ನೇರಳೆ ಬಣ್ಣದ ವಸ್ತ್ರಗಳನ್ನು ಧರಿಸುವರು. ಭಾನುವಾರದ ಪೂಜೆಯಲ್ಲಿ ಸಾಮಾನ್ಯವಾಗಿ ಹಾಡುವ ಮಹಿಮಾಗೀತೆಯನ್ನು ಈ ನಾಲ್ಕು ವಾರ ಹಾಡದೆ, ಕ್ರಿಸ್ತಜಯಂತಿಯ ರಾತ್ರಿಗಾಗಿ ಕಾದಿರಿಸುವರು. ಅಂದರೆ ಇದು ಹಬ್ಬದ ಕಾಲವಲ್ಲ, ಹಬ್ಬಕ್ಕಾಗಿ ಕಾಯುವ ಕಾಲ.

ಆಗಮನ ಕಾಲದ ಜನಪ್ರಿಯ ಆಚಾರಗಳಲ್ಲಿ ಹಲವು ಮನೆಯೊಳಗೆ ನಡೆಯತಕ್ಕವು ಎಂಬುದನ್ನೂ ಇಲ್ಲಿ ಗಮನಿಸಬೇಕು. ಹಸುರೆಲೆಗಳ ಬಳೆಯೊಂದರ ಮೇಲೆ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿಗಳನ್ನು ಹಚ್ಚುವ ವಾಡಿಕೆ ಈಗ ನಮ್ಮ ಚರ್ಚುಗಳಲ್ಲಿಯೂ ಮನೆಗಳಲ್ಲಿಯೂ ಕಾಣುತ್ತದೆ. ಇದರ ಇಂದಿನ ರೂಪಕ್ಕೆ ಮೂಲ 1839ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಯೋಹಾನ್ ವಿಖೆರ್ನ್ ಎಂಬ ಲೂಥೆರನ್ ಪಾದ್ರಿ ಬಡ ಮಕ್ಕಳ ಆಶ್ರಮದಲ್ಲಿ ಮಾಡಿದ ಏರ್ಪಾಡು. ಹಬ್ಬ ಎಂದು ಬರುವುದೆಂದು ಮಕ್ಕಳು ಪೀಡಿಸುತ್ತಿದ್ದುದರಿಂದ ಆತ ದಿನಗಳನ್ನು ದೀಪಗಳಿಂದ ಎಣಿಸಲು ಕಲಿಸಿದನು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಶಿಶುವಿನ ದೃಶ್ಯವನ್ನು ಬೊಂಬೆಗಳಿಂದ ರಚಿಸುವ ಗೋದಲಿಯ ಸಂಪ್ರದಾಯವನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ನಡೆಸಿದ ಆಚರಣೆಯೊಡನೆ ಸಂಬಂಧಿಸುವರು. ಬಾಗಿಲಿಗೆ ತೂಗುವ ಕಾಗದದ ನಕ್ಷತ್ರ, ಗೋದಲಿ, ದೀಪ, ತಿಂಡಿಯ ಸಿದ್ಧತೆ ಇವುಗಳಿಗೆ ಚರ್ಚಿನ ಕಟ್ಟಡ ಬೇಕಿಲ್ಲ. ಕಟ್ಟಡವನ್ನೂ ಕೂಟವನ್ನೂ ಯಾಜಕನನ್ನೂ ಅಪೇಕ್ಷಿಸುವುದು ಬಲಿಪೂಜೆ ಮಾತ್ರ.

3. ಧರ್ಮಕೇಂದ್ರವೆಂದರೇನು

ಕಥೋಲಿಕ ಧರ್ಮಸಭೆಯ ಆಡಳಿತದಲ್ಲಿ ಧರ್ಮಾಧ್ಯಕ್ಷರ ವ್ಯಾಪ್ತಿಗೆ ಧರ್ಮಪ್ರಾಂತವೆಂದೂ, ಅದರೊಳಗಿನ ಚಿಕ್ಕ ವಿಭಾಗಕ್ಕೆ ಧರ್ಮಕೇಂದ್ರವೆಂದೂ ಹೆಸರು. ಬೆಂಗಳೂರು 1940ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಧರ್ಮಪ್ರಾಂತವಾಯಿತು. 1953ರಲ್ಲಿ ಮಹಾಧರ್ಮಪ್ರಾಂತದ ಪದವಿಯನ್ನು ಪಡೆಯಿತು. ಸಾಮಾನ್ಯ ಜನರು ಧರ್ಮಕೇಂದ್ರವೆಂದರೆ ಚರ್ಚಿನ ಕಟ್ಟಡವೆಂದೇ ತಿಳಿಯುವುದುಂಟು. ಆದರೆ 1983ರ ಧರ್ಮಸಭಾ ಸಂಹಿತೆಯ 515ನೆಯ ವಿಧಿಯು ಅದನ್ನು ಕಟ್ಟಡವಾಗಿ ಅಲ್ಲ, ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಲಾದ, ಸ್ಥಿರವಾಗಿ ರಚಿತವಾದ ವಿಶ್ವಾಸಿಗಳ ಸಮುದಾಯವಾಗಿ ನಿರೂಪಿಸುತ್ತದೆ. 518ನೆಯ ವಿಧಿಯ ಪ್ರಕಾರ ಧರ್ಮಕೇಂದ್ರವು ಸಾಮಾನ್ಯವಾಗಿ ಒಂದು ಭೂಪ್ರದೇಶವನ್ನು ಅವಲಂಬಿಸಿರುತ್ತದೆ. ಅವಶ್ಯವಿದ್ದಲ್ಲಿ ಭಾಷೆ ಮೊದಲಾದ ಕಾರಣಗಳಿಂದಲೂ ರಚಿತವಾಗಬಹುದು.

ದಕ್ಷಿಣ ಬೆಂಗಳೂರಿನಲ್ಲಿ ಈ ಎರಡು ತತ್ತ್ವಗಳೂ, ಎಂದರೆ ಊರೂ ಭಾಷೆಯೂ, ಒಂದನ್ನೊಂದು ಹಾಯ್ದು ಹೋಗುತ್ತವೆ. 1948ರಲ್ಲಿ ಅಡಿಗಲ್ಲು ಕಂಡ ಜಯನಗರವಾಗಲಿ, ಅನಂತರ ಬೆಳೆದ ಜೆ.ಪಿ. ನಗರ, ಬನಶಂಕರಿಗಳಾಗಲಿ, ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳನ್ನು ಹೊತ್ತ ಬಿ.ಟಿ.ಎಂ. ಬಡಾವಣೆಯಾಗಲಿ, ವಲಸೆಯಿಂದ ತುಂಬಿದ ಪ್ರದೇಶಗಳು. ಬೇಗೂರು, ಆನೇಕಲ್ಲು, ಕನಕಪುರದ ಕಡೆಯ ಹಳ್ಳಿಗಳಿಂದ ಬಂದ ಕನ್ನಡ ಕ್ರೈಸ್ತರು, ಕರಾವಳಿಯ ಕೊಂಕಣಿಗರು, ತಮಿಳರು, ಮಲಯಾಳಿಗಳು, ಈಚೆಗೆ ಕೆಲಸವನ್ನು ಅರಸಿ ಬಂದ ಈಶಾನ್ಯ ರಾಜ್ಯಗಳ ತರುಣರು ಇಲ್ಲಿ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವರು. ಇವರಿಗೆ ನೆಂಟಸ್ತಿಕೆಯ ಬಂಧವಿಲ್ಲ. ಹಲವರಿಗೆ ಭಾಷೆಯ ಬಂಧವೂ ಇಲ್ಲ. ಭಾನುವಾರ ಒಂದೆಡೆ ಸೇರುವುದೇ ಇವರ ಬಂಧ. ಆದುದರಿಂದ ಒಂದೇ ಕುಲದವರು ನೆಲೆಸಿರುವ ಹಳ್ಳಿಯ ಧರ್ಮಕೇಂದ್ರಕ್ಕೆ ಹೋಲಿಸಿದರೆ, ಇಂಥ ನಗರ ಧರ್ಮಕೇಂದ್ರಕ್ಕೆ ಅಗಲಿಕೆಯು ಹೆಚ್ಚು ಅಪಾಯಕರವಾಗಿತ್ತೆಂದು ಹೇಳಬಹುದು.

4. ಆ ವರ್ಷದ ನಿಬಂಧನೆಗಳು

2020ರ ಮಾರ್ಚಿ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಏಪ್ರಿಲ್ 12ರ ಪಾಸ್ಖ ಹಬ್ಬವು ಮುಚ್ಚಿದ ಬಾಗಿಲುಗಳ ಹಿಂದೆ ಕಳೆಯಿತು. ಪ್ರಾರ್ಥನಾಸ್ಥಳಗಳನ್ನು ಜೂನ್ 8ರಿಂದ ತೆರೆಯಬಹುದೆಂದು ಕೇಂದ್ರ ಸರ್ಕಾರವು ಅನುಮತಿ ಕೊಟ್ಟಿತಾದರೂ, ಜೂನ್ 4ರಂದು ಆರೋಗ್ಯ ಮಂತ್ರಾಲಯವು ಹೊರಡಿಸಿದ ಸೂಚನೆಗಳು ಅನೇಕವಾಗಿದ್ದವು. ಎಲ್ಲ ಮತಗಳ ಪೂಜಾಸ್ಥಳಗಳಿಗೂ ಸಮಾನವಾಗಿ ಅನ್ವಯಿಸಿದ ಇವು ಕ್ರಿಸ್ತಜಯಂತಿಯನ್ನು ಮುಟ್ಟಿದ ಬಗೆಯನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದಾಗಿ, ಮನುಷ್ಯರ ನಡುವೆ ಆರು ಅಡಿಗಳ ಅಂತರ. ಉದಾಹರಣೆಗೆ, ಆರು ಮಂದಿ ಒತ್ತಿ ಕುಳಿತುಕೊಳ್ಳುವ ಬೆಂಚಿನಲ್ಲಿ ಇಬ್ಬರನ್ನು ಮಾತ್ರ ಕೂರಿಸಿದರೆ ಚರ್ಚಿನ ಸ್ಥಳ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವರ್ಷದಲ್ಲಿ ಒಮ್ಮೆಯೂ ಬಾರದವರು ಕೂಡ ಬರುವ ರಾತ್ರಿಯಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಎರಡನೆಯದಾಗಿ, ಗಾಯನವೃಂದಕ್ಕೆ ಅವಕಾಶವಿರಲಿಲ್ಲ. ಮುದ್ರಿತ ಸಂಗೀತವನ್ನು ಮಾತ್ರ ನುಡಿಸಬಹುದಾಗಿತ್ತು. ನಾಲ್ಕು ವಾರ ತಡೆಹಿಡಿದ ಮಹಿಮಾಗೀತೆಯನ್ನು ಜನರು ಒಕ್ಕೊರಲಿನಿಂದ ಎತ್ತುವ ಕ್ಷಣವೇ ಆ ರಾತ್ರಿಯ ಪೂಜೆಯ ಶಿಖರ. ಮೂರನೆಯದಾಗಿ, ಪ್ರತಿಮೆಗಳನ್ನು ಮುಟ್ಟುವುದಕ್ಕೂ ತೀರ್ಥವನ್ನು ಪ್ರೋಕ್ಷಿಸುವುದಕ್ಕೂ ನಿಷೇಧವಿತ್ತು. ಪೂಜೆಯ ಕೊನೆಯಲ್ಲಿ ಸಾಲಾಗಿ ಬಂದು ಬಾಲಯೇಸುವಿನ ಪ್ರತಿಮೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೂಢಿ ಇದರಿಂದ ನಿಂತಿತು.

ನಾಲ್ಕನೆಯ ಸೂಚನೆಯು ಇವೆಲ್ಲಕ್ಕಿಂತ ಗುರುತರವಾದುದೆಂದು ನಮಗೆ ತೋರುತ್ತದೆ. ಅರವತ್ತೈದು ವರ್ಷ ಮೀರಿದವರು, ಹತ್ತು ವರ್ಷದ ಒಳಗಿನ ಮಕ್ಕಳು, ಗರ್ಭಿಣಿಯರು ಮತ್ತು ದೀರ್ಘರೋಗಿಗಳು ಮನೆಯಲ್ಲಿಯೇ ಇರಬೇಕೆಂಬುದು ಆ ಸಲಹೆ. ಆರೋಗ್ಯದೃಷ್ಟಿಯಿಂದ ಇದು ಯುಕ್ತವಾದುದೇ. ಆದರೆ ಈ ಹಬ್ಬದ ಕಥೆಯಲ್ಲಿ ಬರುವವರು ಗರ್ಭಿಣಿಯಾದ ಮರಿಯಳು, ಹಸುಗೂಸು, ಮುದುಕರಾದ ಜೆಕರೀಯ ಮತ್ತು ಎಲಿಜಬೇತ್. ಅಂಥವರೇ ಹಬ್ಬದ ಪೂಜೆಯಿಂದ ದೂರ ಉಳಿಯಬೇಕಾಯಿತು. ಆ ಡಿಸೆಂಬರಿನಲ್ಲಿ ಚರ್ಚುಗಳು ಮುಚ್ಚಿರಲಿಲ್ಲ, ಅರ್ಧ ತೆರೆದಿದ್ದವು. ಆದುದರಿಂದ ಅಗಲಿಕೆಯ ಗೆರೆಯು ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬೀಳದೆ, ಎಷ್ಟೋ ಕಡೆ ಒಂದೇ ಮನೆಯ ಒಳಗೆ ಬಿದ್ದಿತು. ನಡುವಯಸ್ಸಿನವರು ಸರದಿಯಂತೆ ಪೂಜೆಗೆ ಹೋದರು. ಅಜ್ಜಿ, ಮೊಮ್ಮಗು ಮನೆಯಲ್ಲಿ ಉಳಿದರು.

ಇದಕ್ಕೆ ಮೇಲಾಗಿ ಕೊನೆಯ ಗಳಿಗೆಯ ಅನಿಶ್ಚಯ. ಹಸ್ತಲಾಘವ, ಆಲಿಂಗನಗಳನ್ನು ಬಿಡಬೇಕೆಂದೂ ಚರ್ಚುಗಳಲ್ಲಿ ಒಮ್ಮೆಗೇ ಬಹುಜನ ಸೇರಬಾರದೆಂದೂ ರಾಜ್ಯ ಸರ್ಕಾರವು ಡಿಸೆಂಬರಿನಲ್ಲಿ ತಿಳಿಸಿತ್ತು. 23ರಂದು ರಾತ್ರಿ ಕರ್ಫ್ಯೂ ಘೋಷಿತವಾಯಿತು. 24ರಂದು, ಅದು ಜಾರಿಗೆ ಬರುವ ಮುನ್ನವೇ, ಆ ಆಜ್ಞೆಯನ್ನು ಹಿಂದೆಗೆದುಕೊಳ್ಳಲಾಯಿತು. ಇಂಥ ತೊಡಕು ನಮ್ಮ ಊರಿಗೆ ಮಾತ್ರ ಬಂದುದಲ್ಲ. ಇಟಲಿಯಲ್ಲಿ ರಾತ್ರಿ ಹತ್ತರಿಂದ ಸಂಚಾರ ನಿಷೇಧವಿದ್ದುದರಿಂದ ಪೋಪ್ ಫ್ರಾನ್ಸಿಸರು ಆ ವರ್ಷದ ನಡುರಾತ್ರಿಯ ಪೂಜೆಯನ್ನು ಸಂಜೆ ಏಳೂವರೆ ಗಂಟೆಗೇ ಅರ್ಪಿಸಿದರು. ಒಬ್ಬ ಯಾಜಕನು ಕ್ರಿಸ್ತಜಯಂತಿಯ ದಿನ ಮೂರು ಬಲಿಪೂಜೆಗಳನ್ನು ಅರ್ಪಿಸುವುದು ಪೂರ್ವದಿಂದ ಬಂದ ಪದ್ಧತಿ. ಜನರು ಹಂಚಿಹೋಗಿ ಬರಲೆಂದು ಆ ವರ್ಷ ನಾಲ್ಕಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಡಿಸೆಂಬರ್ 16ರ ಆಜ್ಞೆಯಿಂದ ರೋಮ್ ಧರ್ಮಾಧ್ಯಕ್ಷರಿಗೆ ನೀಡಿತು.

ನಿಬಂಧನೆಗಳಲ್ಲಿ ಒಂದು ಮಾತ್ರ ನಮ್ಮವರಿಗೆ ಹೊರೆಯಾಗಲಿಲ್ಲ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿಯನ್ನು ಕೋರುವಾಗ ಪಾಶ್ಚಾತ್ಯರಿಗೆ ಹಸ್ತಲಾಘವವನ್ನು ಬಿಡುವುದು ಕಷ್ಟವಾಯಿತು. ಭಾರತದಲ್ಲಿಯಾದರೋ ಕೈಮುಗಿದು ಶಾಂತಿಯನ್ನು ಕೋರಲು 1969ರಲ್ಲಿಯೇ ರೋಮಿನ ಒಪ್ಪಿಗೆ ದೊರಕಿತ್ತು. ದೇಶೀಯ ಆಚಾರಗಳನ್ನು ಪೂಜೆಯಲ್ಲಿ ಅಳವಡಿಸುವ ಆ ಹನ್ನೆರಡು ಅಂಶಗಳ ಪ್ರಸಾರದಲ್ಲಿ ಬೆಂಗಳೂರಿನಲ್ಲಿಯೇ 1967ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ದೈವಾರಾಧನೆಯ ಕೇಂದ್ರವು ಮುಖ್ಯ ಪಾತ್ರ ವಹಿಸಿತು. ಅಂತರವನ್ನು ಉಳಿಸಿಕೊಂಡೇ ಆದರವನ್ನು ತೋರಿಸುವ ಕ್ರಮವು ನಮ್ಮ ಸಂಸ್ಕೃತಿಯಲ್ಲಿ ಮೊದಲಿನಿಂದಲೂ ಉಂಟು.

5. ಪರದೆಯ ಮೇಲಿನ ಪೂಜೆ

ಮನೆಯಲ್ಲಿ ಉಳಿದವರಿಗಾಗಿ ಧರ್ಮಕೇಂದ್ರಗಳು ಯೂಟ್ಯೂಬ್ ಮೊದಲಾದ ಸಾಧನಗಳಿಂದ ಪೂಜೆಯನ್ನು ಪ್ರಸಾರ ಮಾಡಿದವು. ಇದರಿಂದ ಹುಟ್ಟಿದ ಪ್ರಶ್ನೆ ತಾತ್ತ್ವಿಕವಾದುದು: ನೋಡುವುದೂ ಪಾಲ್ಗೊಳ್ಳುವುದೂ ಒಂದೆಯೆ?

ಕಥೋಲಿಕ ಧರ್ಮಸಭೆಯು ಈ ವಿಷಯದಲ್ಲಿ ಹಿಂದಿನಿಂದಲೂ ಒಂದೇ ಉತ್ತರವನ್ನು ಕೊಡುತ್ತಾ ಬಂದಿದೆ. ದೂರದರ್ಶನವು ಇನ್ನೂ ಹೊಸದಾಗಿದ್ದ 1957ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಚಲನಚಿತ್ರ, ರೇಡಿಯೋ, ದೂರದರ್ಶನಗಳನ್ನು ಕುರಿತು ಹೊರಡಿಸಿದ ಪತ್ರದಲ್ಲಿ, ಪ್ರಸಾರವನ್ನು ಮೆಚ್ಚಿಯೂ, ಅದನ್ನು ನೋಡುವುದು ಪೂಜೆಯಲ್ಲಿ ಸ್ವತಃ ಉಪಸ್ಥಿತನಾಗಿರುವುದಕ್ಕೆ ಸಮವಲ್ಲವೆಂದು ತಿಳಿಸಿದರು. 2020ರ ಆಗಸ್ಟ್ 15ರ ಪತ್ರವೊಂದರಲ್ಲಿ ರೋಮಿನ ದೈವಾರಾಧನಾ ವಿಭಾಗದ ಅಧ್ಯಕ್ಷರಾಗಿದ್ದ ಕಾರ್ಡಿನಲ್ ರಾಬರ್ಟ್ ಸಾರಾ ಅವರು ಇದೇ ಅಭಿಪ್ರಾಯವನ್ನು ಪುನಃ ಪ್ರತಿಪಾದಿಸಿದರು. ಇದಕ್ಕೆ ಕಾರಣ ಈ ಧರ್ಮದ ಮೂಲಭಾವನೆಯಲ್ಲಿಯೇ ಇದೆ. ದೇವರು ಮಾತನ್ನು ಕಳುಹಿಸಿ ಸುಮ್ಮನಾಗದೆ ದೇಹವನ್ನು ಧರಿಸಿ ಬಂದನೆಂಬುದು ಕ್ರಿಸ್ತಜಯಂತಿಯ ಸಾರ. ಪರಮಪ್ರಸಾದವು ತಿನ್ನುವ ವಸ್ತು. ಅದನ್ನು ಚಿತ್ರವಾಗಿ ಕಳುಹಿಸಲು ಬಾರದು.

ಹಾಗಾದರೆ ಬರಲಾರದವರ ಗತಿಯೇನು? ಇಲ್ಲಿ ಇನ್ನೊಂದು ಪರಂಪರೆಯು ನೆರವಿಗೆ ಬರುತ್ತದೆ. ಪರಮಪ್ರಸಾದವನ್ನು ಸ್ವೀಕರಿಸಲಾಗದವನು ಅದನ್ನು ಮನಸಾ ಬಯಸಿ ಪ್ರಾರ್ಥಿಸುವ ಕ್ರಮಕ್ಕೆ ಆತ್ಮಿಕ ಸ್ವೀಕಾರವೆಂದು ಹೆಸರು. ಸಂತ ಥಾಮಸ್ ಅಕ್ವಿನಾಸನೂ 1551ರಲ್ಲಿ ಟ್ರೆಂಟ್ ಮಹಾಸಭೆಯೂ ಇದನ್ನು ನಿರೂಪಿಸಿದ್ದುಂಟು. ಸಂಹಿತೆಯ 1248ನೆಯ ವಿಧಿಯು, ಯಾಜಕನಿಲ್ಲದುದರಿಂದಲೋ ಬೇರೆ ಗುರುತರ ಕಾರಣದಿಂದಲೋ ಬಲಿಪೂಜೆಯಲ್ಲಿ ಪಾಲ್ಗೊಳ್ಳಲು ಆಗದಿದ್ದರೆ, ವಿಶ್ವಾಸಿಗಳು ಒಬ್ಬೊಬ್ಬರಾಗಿ, ಕುಟುಂಬವಾಗಿ ಅಥವಾ ಹಲವು ಕುಟುಂಬಗಳು ಕೂಡಿ ತಕ್ಕಷ್ಟು ಕಾಲ ಪ್ರಾರ್ಥನೆಯಲ್ಲಿ ತೊಡಗಬೇಕೆಂದು ಪ್ರೇರೇಪಿಸುತ್ತದೆ. 2020ರ ಸಾಂಕ್ರಾಮಿಕಕ್ಕಾಗಿ ರಚಿಸಿದ ವಿಧಿಯಲ್ಲ ಇದು. ರೋಗಿಗಳು, ವೃದ್ಧರು, ದೂರದ ಹಳ್ಳಿಗರು ಎಂದಿಗೂ ಇರುವರೆಂದು ತಿಳಿದು ರಚಿಸಿದ ವಿಧಿ.

ಪ್ರಸಾರದ ಪೂರ್ವಕಥೆಯೂ ಒಂದು ರೋಗಶಯ್ಯೆಯಿಂದಲೇ ಆರಂಭವಾಗುವುದು ಗಮನಾರ್ಹ. ಅಸ್ಸಿಸಿಯ ಸಂತ ಕ್ಲಾರಳು 1252ರ ಕ್ರಿಸ್ತಜಯಂತಿಯ ರಾತ್ರಿ ಕಾಯಿಲೆಯಿಂದ ಏಳಲಾರದೆ ಮಠದ ಕೋಣೆಯಲ್ಲಿ ಒಬ್ಬಳೇ ಉಳಿದಳೆಂದೂ, ದೂರದ ಚರ್ಚಿನಲ್ಲಿ ನಡೆಯುತ್ತಿದ್ದ ಪೂಜೆ ಅವಳಿಗೆ ಮಲಗಿದಲ್ಲಿಂದಲೇ ಕೇಳಿಸಿತು, ಗೋದಲಿಯೂ ಕಾಣಿಸಿತೆಂದೂ ಐತಿಹ್ಯವುಂಟು. ಇದನ್ನು ನೆನೆದು 1950ರ ದಶಕದಲ್ಲಿ ಪಿಯುಸ್ ಪೋಪರು ಅವಳನ್ನು ದೂರದರ್ಶನದ ಪಾಲಕಸಂತಳೆಂದು ಘೋಷಿಸಿದರು. ಐತಿಹ್ಯದ ಸತ್ಯಾಸತ್ಯತೆ ಇಲ್ಲಿ ಪ್ರಶ್ನೆಯಲ್ಲ; ದೂರದಿಂದ ಪೂಜೆಯನ್ನು ನೋಡುವುದೆಂದರೆ ಧರ್ಮಸಭೆಯ ಕಲ್ಪನೆಯಲ್ಲಿ ಮೊದಲು ನೆನಪಾದದ್ದು ಹಾಸಿಗೆ ಹಿಡಿದ ಮುದುಕಿ ಎಂಬುದೇ ಇಲ್ಲಿಯ ಮುಖ್ಯಾಂಶ.

ಪರದೆಯು ಇನ್ನೊಂದು ಅನಿರೀಕ್ಷಿತ ಪರಿಣಾಮವನ್ನೂ ತಂದಿತು. ಅದಕ್ಕೆ ಊರಿನ ಗಡಿಯಿಲ್ಲ. ಬನಶಂಕರಿಯ ಕೊಂಕಣಿಗನು ಮಂಗಳೂರಿನ ಪೂಜೆಯನ್ನೂ, ಬಿ.ಟಿ.ಎಂ. ಬಡಾವಣೆಯ ಮಲಯಾಳಿಯು ತ್ರಿಶೂರಿನ ಪೂಜೆಯನ್ನೂ, ಕನ್ನಡಿಗನು ತನ್ನ ಹುಟ್ಟೂರಿನ ಪೂಜೆಯನ್ನೂ ಬಯಸಿದರೆ ನೋಡಬಹುದಾಗಿತ್ತು. ಹಬ್ಬದಲ್ಲಿ ತಾಯ್ನುಡಿಯನ್ನು ಕೇಳಬೇಕೆಂಬ ಆಸೆ ಸಹಜವಾದುದು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜೆಯಲ್ಲಿ ದೇಶಭಾಷೆಗಳಿಗೆ ಅವಕಾಶವಿತ್ತ ಮೇಲೆ ಈ ಆಸೆ ನ್ಯಾಯವೂ ಆಯಿತು. ಆದರೆ ಒಬ್ಬೊಬ್ಬನು ತನ್ನ ಭಾಷೆಯ, ತನ್ನ ರುಚಿಯ ಪೂಜೆಯನ್ನು ಆರಿಸಿಕೊಂಡ ಮೇಲೆ, ಪಕ್ಕದ ಬೀದಿಯ ಅಪರಿಚಿತನೊಡನೆ ಅವನನ್ನು ಕಟ್ಟಿಹಾಕುವ ಧರ್ಮಕೇಂದ್ರವೆಂಬ ಏರ್ಪಾಡು ಸಡಿಲವಾಗುತ್ತದೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ ಹಬ್ಬ ಕಳೆದ ತರುಣನಿಗೆ ದೂರದ ತವರೂರಿನ ಪೂಜೆ ಕಾಣಿಸಿತು. ಗೋಡೆಯ ಆಚೆ ಇದ್ದ ಸಹವಿಶ್ವಾಸಿಯು ಕಾಣಿಸಲಿಲ್ಲ.

6. ಮನೆಯ ಪೂಜೆ

ಪರದೆಯಿಂದ ಆಗದುದನ್ನು ಮನೆಯು ಕೆಲಮಟ್ಟಿಗೆ ಮಾಡಿತು. 1964ರಲ್ಲಿ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆದಿದೆ. ನಮ್ಮ ಕಥೋಲಿಕರಿಗೆ ಇದು ಹೊಸ ವಿಚಾರವಲ್ಲ. ಯೇಸುವಿನ ಪವಿತ್ರ ಹೃದಯದ ಪಟದ ಮುಂದೆ ದೀಪ ಹಚ್ಚಿ, ಸಂಜೆ ಮನೆಯವರೆಲ್ಲರೂ ಮೊಣಕಾಲೂರಿ ಜಪಸರ ಹೇಳುವ ರೂಢಿಯು ಕನ್ನಡ ಹಳ್ಳಿಗಳಲ್ಲಿಯೂ ಕರಾವಳಿಯಲ್ಲಿಯೂ ಬಹುಕಾಲದಿಂದ ಬಂದುದು. ಕೊಂಕಣಿಗರಲ್ಲಿ ಜಪಸರ ಮುಗಿದೊಡನೆ ಕಿರಿಯರು ಹಿರಿಯರ ಬಳಿ ಬಂದು ಆಶೀರ್ವಾದವನ್ನು, ಅವರ ಮಾತಿನಲ್ಲಿ 'ಬೆಸಾಂವ್' ಅನ್ನು, ಪಡೆಯುವರು. ನಗರದ ಉದ್ಯೋಗದ ವೇಳಾಪಟ್ಟಿಯು ಈ ರೂಢಿಯನ್ನು ಸಾಕಷ್ಟು ಸವೆಸಿತ್ತು.

2020ರಲ್ಲಿ ಮನೆಯಲ್ಲಿ ಉಳಿದವರು ಅಜ್ಜ, ಅಜ್ಜಿ ಮತ್ತು ಮಕ್ಕಳೆಂದು ಮೇಲೆ ಹೇಳಿದೆವು. ಪರಂಪರೆಯ ದೃಷ್ಟಿಯಿಂದ ಈ ಜೋಡಣೆಯು ವಿಶೇಷವಾದುದು. ಪ್ರಾರ್ಥನೆಗಳನ್ನು ಪುಸ್ತಕವಿಲ್ಲದೆ ಬಲ್ಲವರೂ ಅವನ್ನು ಇನ್ನೂ ಕಲಿಯದವರೂ ಒಂದು ಕೋಣೆಯಲ್ಲಿ ಉಳಿದರು. ಇಂಗ್ಲಿಷಿನಲ್ಲಿ ಧರ್ಮಬೋಧನೆಯನ್ನು ಕಲಿಯುವ ಮಗುವಿಗೆ ಕನ್ನಡದ ಅಥವಾ ಕೊಂಕಣಿಯ ಜಪವು ಕಿವಿಗೆ ಬೀಳುವುದಕ್ಕೆ ಹಿರಿಯರ ಸಂಜೆಯ ಪ್ರಾರ್ಥನೆಯೇ ಮುಖ್ಯ ಮಾರ್ಗ. ಶುಭಸಂದೇಶದ ಜನನವೃತ್ತಾಂತವನ್ನು ಓದುವುದು, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಕೈಯಿಂದ ಶಿಶುವಿನ ಬೊಂಬೆಯನ್ನು ಗೋದಲಿಯಲ್ಲಿ ಇಡಿಸುವುದು, ವಾರದ ದೀಪವನ್ನು ಹಚ್ಚುವುದು ಇವುಗಳಿಗೆ ಯಾಜಕನ ಅಗತ್ಯವಿಲ್ಲ. ನಿರೀಕ್ಷೆಯೇ ಪ್ರಧಾನವಾದ ಆಗಮನ ಕಾಲವು, ಬಾಗಿಲೊಳಗೆ ಕಾಯುವವರ ಸ್ಥಿತಿಗೆ ತಾನಾಗಿಯೇ ಹೊಂದಿಕೊಂಡಿತು.

ಆದರೂ ಮನೆಯ ಪೂಜೆಗೆ ಒಂದು ಮಿತಿಯುಂಟು. ಅದು ಮನೆಯವರನ್ನು ಕೂಡಿಸುತ್ತದೆ, ಹೊರಗಿನವರನ್ನು ಕೂಡಿಸದು. ಸಾಮಾನ್ಯ ವರ್ಷಗಳಲ್ಲಿ ಗಾಯನವೃಂದವು ರಾತ್ರಿ ಮನೆಮನೆಗೆ ಬಂದು ಹಾಡುವುದೂ, ನೆವ್ರಿ, ಕಿಡಿಯೊ, 'ಗುಲಾಬಿ ಹೂವು' ಮೊದಲಾದ ಕುಸ್ವಾರಿನ ತಟ್ಟೆಯು ಹಿಂದೂ, ಮುಸಲ್ಮಾನ ನೆರೆಯವರ ಮನೆಗಳಿಗೂ ಹೋಗುವುದೂ ಈ ಮಿತಿಯನ್ನು ಮೀರಿಸುವ ಉಪಾಯಗಳಾಗಿದ್ದವು. ಮುಟ್ಟುವುದಕ್ಕೇ ಹೆದರುವ ಆ ವರ್ಷ ಹಾಡಿನ ತಂಡಕ್ಕೂ ತಿಂಡಿಯ ತಟ್ಟೆಗೂ ಸುಲಭವಾದ ದಾರಿಯಿರಲಿಲ್ಲ.

7. ಇತಿಹಾಸದಲ್ಲಿ ಒಂದು ನಿದರ್ಶನ

ಯಾಜಕನಿಲ್ಲದೆ, ಚರ್ಚಿಲ್ಲದೆ ಹಬ್ಬವನ್ನು ಕಳೆಯುವುದು ಕರ್ಣಾಟಕದ ಕಥೋಲಿಕರಿಗೆ 2020ರಲ್ಲಿ ಮೊದಲ ಬಾರಿಗೆ ಬಂದುದಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಲಿಯೊನಾರ್ದೊ ಚಿನ್ನಮಿ ಮೊದಲಾದ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಕಟ್ಟಿದ ಮೈಸೂರು ಮಿಷನ್ನಿನ ಸಭೆಗಳು ಹಳ್ಳಿಹಳ್ಳಿಗೆ ಹರಡಿದ್ದವು, ಗುರುಗಳು ಕೆಲವರೇ. ಗುರುಗಳು ಇಲ್ಲದ ದಿನಗಳಲ್ಲಿ ಪ್ರಾರ್ಥನೆಯನ್ನು ನಡೆಸುವ ಹೊಣೆ ಉಪದೇಶಿಯದು. 1773ರಲ್ಲಿ ಪೋಪರ ಆಜ್ಞೆಯಿಂದ ಯೇಸುಸಭೆಯೇ ರದ್ದಾದಾಗ ಈ ಕೊರತೆ ಇನ್ನೂ ಹೆಚ್ಚಿತು.

ಇದಕ್ಕಿಂತ ಕಠಿನವಾದುದು ಕೆನರಾ ಕ್ರೈಸ್ತರ ಸೆರೆ. ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟೀಪು ಸುಲ್ತಾನನು 1784ರ ಫೆಬ್ರುವರಿಯ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಅವರನ್ನು ಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ಸೆರೆಯಾದವರ ಸಂಖ್ಯೆಯನ್ನು ಕುರಿತ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ; ಹಲವು ಸಾವಿರವೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಅವರ ಚರ್ಚುಗಳು ನಾಶವಾದವು, ಗುರುಗಳು ಹೊರದೂಡಲ್ಪಟ್ಟರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ ಈ ಸ್ಥಿತಿ ಮುಂದುವರಿಯಿತು. ಎಂದರೆ ಹದಿನೈದು ಕ್ರಿಸ್ತಜಯಂತಿಗಳನ್ನು ಅವರು ಬಹುಮಟ್ಟಿಗೆ ಬಲಿಪೂಜೆಯಿಲ್ಲದೆ ಕಳೆದರು. ಸೆರೆಯಲ್ಲಿ ಹುಟ್ಟಿದ ಮಗುವು ಬಿಡುಗಡೆಯ ಹೊತ್ತಿಗೆ ಹದಿಹರೆಯಕ್ಕೆ ಬಂದಿರಬಹುದು. ಹೀಗಿದ್ದೂ ಬಿಡುಗಡೆಯ ಬಳಿಕ ಆ ಸಮುದಾಯವು ಊರಿಗೆ ಮರಳಿ ಚರ್ಚುಗಳನ್ನು ಮತ್ತೆ ಕಟ್ಟಿತು. ಅವಶ್ಯಕತೆ ಒದಗಿದಾಗ ದೀಕ್ಷಾಸ್ನಾನವನ್ನು ಯಾರೇ ಆಗಲಿ ಕೊಡಬಹುದೆಂಬ ಧರ್ಮಸಭೆಯ ನಿಯಮವೂ, ಕಂಠಪಾಠವಾಗಿದ್ದ ಪ್ರಾರ್ಥನೆಗಳೂ ಇದಕ್ಕೆ ಆಧಾರವಾಗಿದ್ದಿರಬೇಕು. ಕಟ್ಟಡವನ್ನೂ ಗುರುವನ್ನೂ ಕಳೆದುಕೊಂಡ ಧರ್ಮಕೇಂದ್ರವು ಮನೆಯ ಮಾತಿನಲ್ಲಿ ಬದುಕಿ ಉಳಿಯಿತು.

ಈ ಎರಡು ಅಗಲಿಕೆಗಳನ್ನು ಒಂದೇ ತೂಕದಲ್ಲಿ ತೂಗುವುದು ಸರಿಯಲ್ಲ. ಅಲ್ಲಿ ಸೆರೆಯಿತ್ತು, ಬಲಾತ್ಕಾರವಿತ್ತು. ಇಲ್ಲಿದ್ದುದು ಎಲ್ಲ ಮತದವರಿಗೂ ಸಮಾನವಾದ, ಪ್ರಾಣರಕ್ಷಣೆಗಾಗಿ ಮಾಡಿದ ನಿಬಂಧನೆ. ಆದರೂ ಶ್ರೀರಂಗಪಟ್ಟಣದ ಕಥೆಯ ಮುಂದಿನ ಭಾಗವು ನಮ್ಮ ವಿಷಯಕ್ಕೆ ಸಂಬಂಧಿಸಿದುದೇ. ಕೋಟೆ ಬಿದ್ದ ಮೇಲೆ ಅಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದವನು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಹಿಂದೂ ಆಚಾರವಿಚಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧನಾದ ಈತನು ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸುವ ಕಾರ್ಯವನ್ನೂ ಕೈಗೊಂಡು, 1803-04ರಲ್ಲಿ 25,000ಕ್ಕೂ ಮಿಕ್ಕ ಜನರಿಗೆ ಅದನ್ನು ಹಾಕಿಸಿದನು. ಚದುರಿದ ಸಭೆಯನ್ನು ಕೂಡಿಸಿದವನೇ ರೋಗದ ಭಯವನ್ನು ಕಡಿಮೆ ಮಾಡಲೂ ದುಡಿದನು.

8. ಉಪಸಂಹಾರ

2021ರ ಜನವರಿ 16ರಂದು ಭಾರತದಲ್ಲಿ ಲಸಿಕೆಯ ಕಾರ್ಯ ಆರಂಭವಾಯಿತು. ಅದು ಎಲ್ಲರನ್ನೂ ಮುಟ್ಟುವ ಮುನ್ನವೇ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯು ಬೆಂಗಳೂರನ್ನು ಹೊಡೆಯಿತು. ಬಂಧುಗಳು ಕೂಡ ಹತ್ತಿರ ಹೋಗಲಾರದ ದೇಹಗಳನ್ನು ಮಣ್ಣು ಮಾಡಲು ಮಹಾಧರ್ಮಪ್ರಾಂತದ ಸ್ವಯಂಸೇವಕರು ಮುಂದೆ ಬಂದರು. ಕೂಡಬಾರದೆಂಬ ಕಾಲದಲ್ಲಿ ಧರ್ಮಕೇಂದ್ರವು ಜೀವಂತವಾಗಿತ್ತೆಂಬುದಕ್ಕೆ, ಎಷ್ಟು ಮಂದಿ ಪರದೆಯನ್ನು ನೋಡಿದರೆಂಬ ಲೆಕ್ಕಕ್ಕಿಂತ ಇದು ಬಲವಾದ ಪ್ರಮಾಣ. 2021ರ ಕ್ರಿಸ್ತಜಯಂತಿಗೆ ಜನರು ಮರಳಿ ಚರ್ಚಿಗೆ ಬಂದಾಗ, ಹಿಂದಿನ ವರ್ಷ ಸಲಹೆಯಂತೆ ಮನೆಯಲ್ಲಿಯೇ ಉಳಿದಿದ್ದ ಹಿರಿಯರಲ್ಲಿ ಕೆಲವರು ಇರಲಿಲ್ಲ. ಅವರ ಪಾಲಿಗೆ 2020ರ ಮನೆಯ ಪೂಜೆಯೇ ಕೊನೆಯ ಹಬ್ಬವಾಗಿತ್ತು.

ಈಗ ಆರಂಭದ ಪ್ರಶ್ನೆಗೆ ಹಿಂದಿರುಗಬಹುದು. ಒಂದೆಡೆ ಸೇರಲಾರದವರು ಒಂದು ಸಮುದಾಯವಾಗಿ ಉಳಿಯುವರೆ? ಮೇಲಣ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಈ ಪ್ರಶ್ನೆ 2020ರಲ್ಲಿ ಹುಟ್ಟಿದುದಲ್ಲ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ, ಯಾವ ಸಾಂಕ್ರಾಮಿಕವೂ ಇಲ್ಲದ ವರ್ಷಗಳಲ್ಲಿಯೂ, ಹಬ್ಬವನ್ನು ದೂರದಿಂದಲೇ ಆಚರಿಸುವ ಒಂದು ಗುಂಪು ಇದ್ದೇ ಇರುತ್ತದೆ: ಹಾಸಿಗೆ ಹಿಡಿದವರು, ಮಹಡಿಯ ಮೆಟ್ಟಿಲು ಇಳಿಯಲಾರದ ವೃದ್ಧರು, ಅವರನ್ನು ನೋಡಿಕೊಳ್ಳುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿಯರು. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ರೋಗಿಗಳ ಮನೆಗೆ ಒಯ್ಯುವ ಹಳೆಯ ವಾಡಿಕೆಯು ಇವರಿಗಾಗಿಯೇ ಇರುವುದು. ಆತ್ಮಿಕ ಸ್ವೀಕಾರ, ಕುಟುಂಬ ಪ್ರಾರ್ಥನೆಯ ವಿಧಿ, ಸಂತ ಕ್ಲಾರಳ ಐತಿಹ್ಯ ಇವೆಲ್ಲವೂ ಇವರ ಸ್ಥಿತಿಯಿಂದ ಹುಟ್ಟಿದವು. 2020ರಲ್ಲಿ ಆದುದಿಷ್ಟೇ: ಕೆಲವರ ಸ್ಥಿತಿಯು ಒಂದು ವರ್ಷದ ಮಟ್ಟಿಗೆ ಎಲ್ಲರ ಸ್ಥಿತಿಯಾಯಿತು, ಆ ಕೆಲವರಿಗಾಗಿ ಧರ್ಮಸಭೆಯು ಶತಮಾನಗಳಿಂದ ಕೂಡಿಟ್ಟಿದ್ದ ಸಾಮಗ್ರಿಯು ಎಲ್ಲರ ಉಪಯೋಗಕ್ಕೆ ಬಂದಿತು.

ಆದುದರಿಂದ ಧರ್ಮಕೇಂದ್ರದ ಏಕತೆಯನ್ನು ಅಳೆಯುವ ಅಳತೆಗೋಲು ಬಂದವರ ಸಂಖ್ಯೆಯಲ್ಲ, ಬಾರದವರ ವಿಷಯದಲ್ಲಿ ಅದು ತಾಳುವ ಕಾಳಜಿ ಎಂದು ನಮಗೆ ತೋರುತ್ತದೆ. ಬೆಂಚುಗಳು ಈಗ ತುಂಬಿವೆ. ಗಾಯನವೃಂದವು ಮರಳಿ ಹಾಡುತ್ತಿದೆ. ಬಾಗಿಲು ತೆರೆದ ಮೇಲೆ ಪ್ರಸಾರದ ಅಗತ್ಯ ತೀರಿತೆಂದು ಭಾವಿಸುವುದು ಸುಲಭ. ಮೊದಲಿನಿಂದಲೂ ಬಾಗಿಲೊಳಗೇ ಇದ್ದವರಿಗೆ ಅದು ತೀರಿಲ್ಲ. ಅವರ ಕೋಣೆಯವರೆಗೆ ಮೆಟ್ಟಿಲು ಹತ್ತಿ ಹೋಗುವ ಕಾಲುಗಳಿದ್ದರೆ ಪ್ರಸಾರವೂ ಬೇಕಾಗದು. ಇವೆರಡರಲ್ಲಿ ಒಂದಾದರೂ ನಡೆಯುತ್ತಿರುವುದೋ ಇಲ್ಲವೋ ಎಂಬುದನ್ನು ಒಂದೊಂದು ಧರ್ಮಕೇಂದ್ರದಲ್ಲಿಯೂ ಕೇಳಿ ತಿಳಿಯುವುದು ಮುಂದಿನ ಅಧ್ಯಯನಕ್ಕೆ ತಕ್ಕ ವಿಷಯ. ನಮ್ಮ ವಿದ್ಯಾರ್ಥಿಗಳು, ಯಾವ ಮತದವರೇ ಆಗಿರಲಿ, ತಮ್ಮ ಬೀದಿಯ ದೇವಸ್ಥಾನ, ಮಸೀದಿ, ಚರ್ಚುಗಳನ್ನು ಕುರಿತು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವರೆಂದು ಆಶಿಸುತ್ತೇವೆ.